ಪಾಸ್ ಕೊಟ್ಟು ನಿಂತವಳು

ಬಾಸ್ಕೆಟ್‌ಬಾಲ್ ಕಲಿಸುವ ಸೀಟಿ ಮೇಷ್ಟ್ರಿಗೆ ಹಲಗೆಯ ಮೇಲೆ ಬಾಣ ಬರೆದು ಆಟ ಕಲಿಸುವವರನ್ನು ಕಂಡರಾಗದು. ಐದೈದು ಜನರನ್ನು ಇಳಿಸಿದರೆ ಇಬ್ಬರು ಆಡುತ್ತಾರೆ, ಮೂವರು ಮೈಗಳ್ಳರಾಗುತ್ತಾರೆ ಎನ್ನುವುದು ಅವರ ವಾದ. ಅದಕ್ಕೇ ಅವರಲ್ಲಿ ಮೂವರಿಗೆ ಮೂವರು, ಅರ್ಧ ಅಂಗಳ. ಸೋತವರು ಹೊರಗೆ. ಪಾಸ್ ಕೊಟ್ಟವಳು ಕೊಟ್ಟ ಕ್ಷಣವೇ ಓಡಬೇಕು, ಬುಟ್ಟಿಯ ಕಡೆಗೆ, ಇಲ್ಲವೇ ಗೆಳತಿಗೆ ದಾರಿ ಬಿಡಿಸಲು. ಕಂಬದ ಹಾಗೆ ನಿಂತಳೋ, ಬುಟ್ಟಿಗೆ ಬಿದ್ದ ಚೆಂಡೂ ಲೆಕ್ಕಕ್ಕಿಲ್ಲ, ಎದುರಾಳಿಯ ಪಾಲು. "ಕೊಟ್ಮೇಲೆ ಕೆಲ್ಸ ಮುಗೀಲಿಲ್ಲ ಕಣಮ್ಮಾ, ಶುರುವಾಯ್ತು!" ಎಂದು ಕೂಗಿ ಕೂಗಿ ಗಂಟಲು ಒಡಕಲು ಮಡಕೆಯಾಗಿತ್ತು. "ಖಾಲಿ ಲೋಟ ನನ್ ಕೈಗೆ ಕೊಟ್ಟು ಕೂತೇ ಇದ್ದೀರಲ್ಲ, ನೀವೂ ಓಡಿ" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಆಕೆ ತೀರಿಕೊಂಡ ಮೇಲೆ ಕೂಗಾಟ ನಿಂತು ಸೀಟಿ ಮಾತ್ರ ಉಳಿಯಿತು. ಎಷ್ಟು ಗಟ್ಟಿ ಮನುಷ್ಯ ಎಂದು ಜನ ಹೊಗಳಿದರು. ಗಟ್ಟಿಯಂತೆ, ಮಣ್ಣಾಂಗಟ್ಟಿ! ಹಲ್ಲು ಕೀಳಿಸಿಕೊಂಡವರ ದವಡೆಯಂತೆ ಒಳಗೆಲ್ಲ ಮರಗಟ್ಟಿತ್ತು, ಅಷ್ಟೇ. ಮನೆಯಲ್ಲಿ ಅಪ್ಪ ಮಗಳ ನಡುವೆ ಉಳಿದಿದ್ದು ಆಟದ ಮಾತೊಂದೇ. ಈ ಸಲ ತಂಡ ಸೇರಿಯೇ ಸೇರುತ್ತೇನೆಂದು ಮಗಳು ಹಟ ತೊಟ್ಟಿದ್ದಳು. ಹಾಗಾದರೂ ಅಪ್ಪ ನಗುತ್ತಾನೇನೋ ಎಂಬ ಆಸೆ ಅವಳದ್ದು.

ಆಯ್ಕೆಯ ದಿನ ಕೊನೆಗೆ ಒಂದೇ ಜಾಗ ಉಳಿಯಿತು. ಮಗಳ ಗುಂಪು ಗೆದ್ದರೆ ಅದು ಅವಳದ್ದು. ಎರಡೂ ಕಡೆ ಸಮವಾಗಿ, ಇನ್ನೊಂದು ಚೆಂಡು ಹಾಕಿದವರು ಗೆದ್ದಂತೆ ಎನ್ನುವಾಗ ಅವಳು ಪಾಸ್ ಕೊಟ್ಟಳು, ಗೆಳತಿ ಎಸೆದಳು, ಚೆಂಡು ಬುಟ್ಟಿಯೊಳಗೆ. ಹುಡುಗಿಯರು ಕುಣಿದಾಡಿದರು. ಮೇಷ್ಟ್ರು ಸೀಟಿ ಊದಿದರು.

"ಪಾಸ್ ಕೊಟ್ಟು ನಿಂತೆ. ಚೆಂಡು ಅವರಿಗೆ."

ಎದುರಾಳಿಗಳೂ ಅದನ್ನು ಗಮನಿಸಿರಲಿಲ್ಲ, ಮುಖ ಮುಖ ನೋಡಿಕೊಂಡರು. ಆದರೆ ನಿಂತಿದ್ದಳು, ನಿಜ. ಮುಂದಿನ ಚೆಂಡನ್ನು ಎದುರಾಳಿಗಳು ಬುಟ್ಟಿಗೆ ಹಾಕಿದರು, ಜಾಗವೂ ಬೇರೆಯವಳಿಗೆ ಹೋಯಿತು.

ಊಟಕ್ಕೆ ಕೂತಾಗ ಮಗಳೇ ಬಾಯಿ ಬಿಟ್ಟಳು.

"ಸರಿಯಾಗೇ ಊದ್ದೆ ಬಿಡಪ್ಪ. ನಾನು ನಿಂತಿದ್ದೆ."

"ಹ್ಞೂಂ."

"ಊದುವಾಗ ನಿಂಗೆ ಬೇಜಾರಾಯ್ತಾ?"

ಮೇಷ್ಟ್ರು ಪ್ರಾಮಾಣಿಕವಾಗಿ ಹುಡುಕಿದರು. ಎದೆಯಲ್ಲಿ ಎಲ್ಲೂ ಏನೂ ಚುಚ್ಚುತ್ತಿರಲಿಲ್ಲ. ಅಂಗಳದಲ್ಲಿ ಸುಳ್ಳಾಡದ ಮನುಷ್ಯ, ತಟ್ಟೆಯ ಮುಂದೆ ಆಡುವುದು ಹೇಗೆ?

"ಇಲ್ಲಮ್ಮ."

ಮಗಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ತಂಡ ಹಾಳಾಗ್ಲಿ. ಬೇಜಾರಾಯ್ತು ಅಂತ ಒಂದ್ ಸುಳ್ಳು ಹೇಳೋಕಾಗ್ಲಿಲ್ವಾ ನಿಂಗೆ?"

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಆಚೆಯ ಅಳು ಕೇಳಿಸುತ್ತಲೇ ಇತ್ತು. ಮೇಷ್ಟ್ರು ಊಟ ಮುಗಿಸಿದರು.