ಹುಡುಗನನ್ನು ವಿಚಾರಿಸಲು ಬಂದವರು

ಲಾಹೋರಿನಲ್ಲಿರುವ ತನ್ನ ಅಕ್ಕನ ಮನೆಗೆ ಯಾರೋ ಇಬ್ಬರು ಬಂದು ತನ್ನ ಮಗನ ಬಗ್ಗೆ ವಿಚಾರಿಸಿಕೊಂಡು ಹೋದರು ಎಂದು ನನ್ನ ಗೆಳತಿ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಕಂಗ್ರಾಜುಲೇಷನ್ಸ್!"

ಮತ್ತೇನು ಹೇಳಲಿ? ಇಸ್ತ್ರಿ ಮಾಡಿದ ಷರ್ಟು, ಪಾಲಿಶ್ ಹಾಕಿದ ಶೂ, ಗೇಟಿನ ಹತ್ತಿರವೇ ನಿಂತು ಸಲಾಮ್ ಹೇಳಿದ ನಡುವಯಸ್ಸಿನ ಮನುಷ್ಯ, ಜೊತೆಗೊಬ್ಬ ಮಾತಾಡದ ತರುಣ. ಅಂಗಳದ ಗುಲಾಬಿ ಗಿಡಗಳನ್ನು ಹೊಗಳಿದರಂತೆ. ಹುಡುಗ ಟೆಕ್ಸಸ್‌ನ ಯಾವ ಊರಲ್ಲಿದ್ದಾನೆ, ಯಾವ ಕಂಪನಿ, ಮನೆ ಸ್ವಂತದ್ದೋ ಬಾಡಿಗೆಯದೋ, ಸ್ನೇಹಿತರು ಎಂಥವರು, ಊರಿಗೆ ಯಾವಾಗ ಬರುತ್ತಾನೆ, ತಾಯಿ ಪ್ರತಿ ಚಳಿಗಾಲಕ್ಕೂ ಬರುತ್ತಾರಲ್ಲವೆ, ಎಲ್ಲ ಕೇಳಿದರಂತೆ. ನನ್ನ ಮಗಳ ಮದುವೆ ಮಾತಿನ ಕಾಲಕ್ಕೆ ನಮ್ಮಣ್ಣ ಮಲ್ಲೇಶ್ವರದಲ್ಲಿ ಹುಡುಗನ ಅಕ್ಕಪಕ್ಕದ ಮನೆಯವರ ಹತ್ತಿರ ಕೇಳಿಕೊಂಡು ಬಂದದ್ದೂ ಇವೇ ಪ್ರಶ್ನೆಗಳನ್ನು, ಇಂಥದೇ ಷರ್ಟು ಹಾಕಿಕೊಂಡು. ಕೈತುಂಬ ಸಂಬಳವಿರುವ, ಮದುವೆಯಾಗದ ಹುಡುಗನನ್ನು ಅಪರಿಚಿತರು ಬಂದು ವಿಚಾರಿಸಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಹೆಣ್ಣಿನ ಕಡೆಯವರು.

"ಒಳ್ಳೆ ಫ್ಯಾಮಿಲಿ ಥರ ಇದೆಯಲ್ಲ! ಫೋಟೋ ಕೊಟ್ಟರಾ?" ಅಂತಲೂ ಕೇಳಿಬಿಟ್ಟೆ.

ಲೂಯಿಸ್‌ವಿಲ್‌ನ ಲೇಕ್ ಪಕ್ಕದ ದಾರಿಯಲ್ಲಿ, ಇಲ್ಲಿ ಟೆಕ್ಸಸ್‌ನಲ್ಲಿ ನಾನಿರುವ ಮಗಳ ಮನೆಯ ಹತ್ತಿರ, ವಾಕಿಂಗ್ ಹೊರಟಿದ್ದೆವು. ಅವಳು ನಿಂತುಬಿಟ್ಟಳು.

"ಬಾಜಿ," ಅಂದಳು. ನನಗಿಂತ ಸ್ವಲ್ಪ ಚಿಕ್ಕವಳು, ಹಾಗಾಗಿ ನಾನು ಅವಳಿಗೆ ಬಾಜಿ, ಅಕ್ಕ. "ಅವರು ಹೆಣ್ಣಿನ ಕಡೆಯವರಲ್ಲ. ಏಜೆನ್ಸಿಯವರು. ಮಿಲಿಟರಿ ಗುಪ್ತಚರರ ಕಡೆಯವರು. ಹೆಸರು ಹೇಳಲ್ಲ, ಕಾರ್ಡು ತೋರಿಸಲ್ಲ. ಇಲಾಖೆಯಿಂದ ಬಂದಿದೀವಿ ಅಂತಾರೆ, ಅಷ್ಟೇ."

ಕಂಗ್ರಾಜುಲೇಷನ್ಸ್ ಅನ್ನುವ ಮಾತನ್ನು ವಾಪಸ್ ನುಂಗುವುದು ಹೇಗೆ ಎಂದು ಯಾವ ಕಾನ್ವೆಂಟಿನಲ್ಲೂ ಹೇಳಿಕೊಡುವುದಿಲ್ಲ.

ನಾವಿಬ್ಬರೂ ಕಾನ್ವೆಂಟಿನವರು. ನಾನು ಬೆಂಗಳೂರಿನಲ್ಲಿ, ಅವಳು ಲಾಹೋರಿನಲ್ಲಿ. ಇಲ್ಲಿಯ ಸೀನಿಯರ್ಸ್ ಯೋಗ ಕ್ಲಾಸಿನಲ್ಲಿ ಕುರ್ಚಿಯ ಮೇಲೆ ಕೂತು ಕೈ ಎತ್ತಿ ಮುಗಿದ ಮೇಲೆ, ಚಾಪೆಯ ಮೇಲೆ ಮಲಗಿ ಅನ್ನಲು ಟೀಚರ್ "ಲೇ ಡೌನ್" ಅಂದದ್ದಕ್ಕೆ ನಾನು ಮೆಲ್ಲಗೆ "ಲೈ ಡೌನ್" ಅಂದೆ. ಪಕ್ಕದ ಕುರ್ಚಿಯಿಂದ ಅದೇ ಹೊತ್ತಿಗೆ ಅದೇ ತಿದ್ದುಪಡಿ ಬಂತು. ತಿರುಗಿ ನೋಡಿದರೆ ಇವಳು. ಅವಳಿಗೂ ಐರಿಶ್ ನನ್‌ಗಳೇ, ಅವಳಿಗೂ ಉಗುರಿನ ಇನ್‌ಸ್ಪೆಕ್ಷನ್, ಅವಳಿಗೂ ಮಧ್ಯಾಹ್ನದ ಸೂಜಿ ಕೆಲಸ. ಎರಡು ದೇಶಗಳು ಯುದ್ಧ ಮಾಡುತ್ತಿದ್ದಾಗ ನಾವಿಬ್ಬರೂ ಒಂದೇ ಥರದ ಕ್ರಾಸ್ ಸ್ಟಿಚ್ ಹಾಕುತ್ತ ಕೂತಿದ್ದೆವು. ಅಲ್ಲಿದ್ದಿದ್ದರೆ ಅವಳ ಮನೆ ಬಾಗಿಲು ನಾನು ನೋಡುವ ಹಾಗಿರಲಿಲ್ಲ. ಇಲ್ಲಿ ಅವಳು ಎರಡು ಬಿಲ್ಡಿಂಗ್ ಆಚೆ ಇದ್ದಾಳೆ.

ಇದಕ್ಕೆಲ್ಲ ಮೂಲ ಒಂದು ವೀಡಿಯೋ. ಅವಳ ಮಗ ಆಸ್ಟಿನ್‌ನಲ್ಲಿ ಕೆಲಸ ಮಾಡುತ್ತಾನೆ. ಅವರ ದೇಶದ ಚುನಾವಣೆಯ ಫಲಿತಾಂಶ ಬಂದ ಮೇಲೆ ಹ್ಯೂಸ್ಟನ್‌ನಲ್ಲಿ ಕಾನ್ಸುಲೇಟಿನ ಎದುರು ಗುಂಪು ಸೇರಿ ಪ್ರತಿಭಟನೆ ಮಾಡಿದರು, ಅಲ್ಲಿ ಇವನೂ ಮೈಕ್ ಹಿಡಿದು ಮಾತಾಡಿದ. ಯಾರೋ ಶೂಟ್ ಮಾಡಿ ಕಳಿಸಿದ್ದನ್ನು ತನ್ನ ಪೇಜಿನಲ್ಲಿ ಹಾಕಿಕೊಂಡ, ಅದು ಊರೆಲ್ಲ ಸುತ್ತಿತು. ಅದರಲ್ಲಿ ಅವನು ಹೇಳಿದ್ದು, ನನ್ನ ಖಾಲಾ ಮಂಡಿ ನೋವು ಇಟ್ಟುಕೊಂಡು ಕ್ಯೂನಲ್ಲಿ ನಿಂತು ವೋಟು ಹಾಕಿದಳು, ರಾತ್ರಿ ಗೆದ್ದವನು ಬೆಳಿಗ್ಗೆ ಹೇಗೆ ಸೋತ, ನಮ್ಮಲ್ಲಿ ಯಾವ ಪ್ರಧಾನಿಯೂ ಐದು ವರ್ಷ ಪೂರ್ತಿ ಮಾಡಿಲ್ಲ, ಅವರನ್ನು ಕೂರಿಸಿ ಇಳಿಸುವವರು ಮಾತ್ರ ಯಾವ ಚುನಾವಣೆಗೂ ನಿಂತಿಲ್ಲ, ಅಂತ. ಖಾಲಾ ಅಂದರೆ ದೊಡ್ಡಮ್ಮ. ಇವನು ಪ್ರೀತಿಯಿಂದ ಹೇಳಿದ ಆ ಒಂದು ಮಾತು ಹಿಡಿದುಕೊಂಡೇ ಅವರು ಖಾಲಾಳ ಮನೆಗೆ ಹೋದದ್ದು.

ತಮಾಷೆ ಏನೆಂದರೆ, ಅಥವಾ ತಮಾಷೆ ಅಲ್ಲವೇ ಅಲ್ಲ, ಆ ಅಕ್ಕನಿಗೂ ನನ್ನ ಹಾಗೇ ಅನ್ನಿಸಿದೆ. ಹೆಣ್ಣಿನ ಕಡೆಯವರೆಂದೇ ಶೋಕೇಸಿನಿಂದ ಒಳ್ಳೆಯ ಟೀ ಸೆಟ್ ತೆಗೆದಿದ್ದಾಳೆ. ಕಬಾಬ್ ಕರಿದಿದ್ದಾಳೆ. ಹುಡುಗ ಸಿಗರೇಟು ಮುಟ್ಟಲ್ಲ ಅಂತ ತಾನಾಗಿಯೇ ಹೇಳಿದ್ದಾಳೆ! ಅವರು ಇನ್ನೊಂದು ಕಪ್ ಹಾಕಿಸಿಕೊಂಡು ಕುಡಿದು, ಏಳುವಾಗ ಹೇಳಿದರಂತೆ, "ಮಾತು ಚೆನ್ನಾಗಿ ಆಡ್ತಾನೆ ನಿಮ್ಮ ಹುಡುಗ. ಆ ಹ್ಯೂಸ್ಟನ್ ವೀಡಿಯೋ ತೆಗೆಯೋಕೆ ಹೇಳಿ. ನಿಮ್ಮ ಸ್ವಂತ ಮಗ ಸರ್ಕಾರಿ ಕಾಲೇಜಿನಲ್ಲಿ ಲೆಕ್ಚರರ್ ಅಲ್ಲವಾ? ಒಳ್ಳೆ ಕೆಲಸ. ನಿಮ್ಮ ತಂಗಿ ಈ ಸಲವೂ ಬರ್ತಾರೆ ತಾನೆ? ಏರ್‌ಪೋರ್ಟಿನಲ್ಲಿ ಅವರಿಗೆ ತೊಂದರೆ ಆಗಬಾರದು ನೋಡಿ."

ನನ್ನ ಗೆಳತಿಗೆ ತಾಯಿಯ ನೆನಪಿಲ್ಲ. ತಲೆ ಬಾಚಿ, ಊಟ ಹಾಕಿ, ಕಾನ್ವೆಂಟಿಗೆ ಕಳಿಸಿದವಳು ಈ ಅಕ್ಕ. ಆಕೆಗೀಗ ಹೃದಯದ ತೊಂದರೆ, ಊರು ಬಿಟ್ಟು ಕದಲುವ ಹಾಗಿಲ್ಲ. ಚಳಿಗಾಲಕ್ಕೆ ಇವಳೇ ಹೋಗಬೇಕು, ಹೋಗುತ್ತಾಳೆ, ಅದಕ್ಕಾಗಿಯೇ ವರ್ಷದ ಉಳಿದ ತಿಂಗಳು ಬದುಕುತ್ತಾಳೆ. ಟಿಕೆಟ್ ಆಗಿತ್ತು. ಅಕ್ಕನಿಗೆ ಮೆತ್ತನೆಯ ಶೂ, ವಿಟಮಿನ್ನು, ಎಲ್ಲ ಸೂಟ್‌ಕೇಸಿಗೆ ಸೇರಿತ್ತು.

"ಈ ಸಲ ಹೋಗಲಿಲ್ಲ ಅಂದರೆ ಮುಂದಿನ ಸಲ ಆಪಾ ಇರ್ತಾಳೋ ಇಲ್ಲವೋ," ಅಂದಳು. ಅಕ್ಕನನ್ನು ಅವಳು ಆಪಾ ಅನ್ನುತ್ತಾಳೆ.

ಅದೇ ವಾರ ಪ್ರಾಸ್ಪರ್ ಅನ್ನುವ ಪಕ್ಕದ ಊರಿನಲ್ಲಿ ಒಂದು ಗೃಹಪ್ರವೇಶದ ಊಟ. ಅಳಿಯನ ಸ್ನೇಹಿತರು, ಹುಬ್ಬಳ್ಳಿ ಕಡೆಯವರು, ಬಹಳ ಉದಾರಿ ಮನುಷ್ಯ. ಆ ಹೊಸ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ. ನಾವು ತಪ್ಪಿ ಪಕ್ಕದವರ ಬೆಲ್ ಒತ್ತಿ, ಸಾರಿ ಹೇಳಿ ಬಂದೆವು. ಊಟಕ್ಕೆ ಕೂತಾಗ ಮಾತು ಊರಿನ ರಸ್ತೆ, ಲಂಚ, ಟ್ರಾಫಿಕ್ಕಿನ ಮೇಲೆ ಹೋಯಿತು. ಕೊನೆಗೆ ಬರಬೇಕಾದಲ್ಲಿಗೆ ಬಂತು.

"ಏನ್ ಅನ್ರಿ ಆಂಟಿ, ನಮ್ಮಲ್ಲಿ ಒಂದೆರಡು ವರ್ಷ ಮಿಲಿಟರಿ ರೂಲ್ ಬರಬೇಕ್ರಿ. ಎಲ್ಲಾರೂ ಸೀದಾ ಆಗ್ತಾರ," ಅಂದರು ಆತಿಥೇಯರು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸುತ್ತ.

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ನಮ್ಮ ತಂದೆ ಹೇಳುತ್ತಿದ್ದರು, ಬ್ಯಾಂಕಿನ ಕೊಲೀಗ್‌ಗಳು ಹೇಳುತ್ತಿದ್ದರು, ಆಟೋದವರು ಹೇಳುತ್ತಿದ್ದರು. ಕಾಫಿಗೆ ಸಕ್ಕರೆ ಕಮ್ಮಿ ಅನ್ನುವಷ್ಟು ಹಗುರವಾಗಿ ಹೇಳುವ ಮಾತು. ನಾನೂ ಇಷ್ಟು ವರ್ಷ ಹೂಂಗುಟ್ಟಿಕೊಂಡು ಬಂದವಳೇ. ಆವತ್ತು ಮಾತ್ರ ಆಗಲಿಲ್ಲ.

"ಈಗ ತಾನೆ ಹೇಳಿದಿರಿ, ಕಸದ ಡಬ್ಬಿ ರಸ್ತೆಗೆ ಕಾಣುತ್ತೆ ಅಂತ ನಿಮ್ಮ ಬಡಾವಣೆಯ ಸಂಘ, ಎಚ್‌ಒಎ, ನೋಟಿಸ್ ಕೊಟ್ಟಿದೆ, ನೀವು ಬೋರ್ಡ್ ಎಲೆಕ್ಷನ್‌ಗೆ ನಿಂತು ಅವರನ್ನ ಇಳಿಸ್ತೀರಿ ಅಂತ. ನಿಮ್ಮ ಕಸದ ಡಬ್ಬಿಗೆ ಡೆಮಾಕ್ರಸಿ, ಉಳಿದವರಿಗೆಲ್ಲ ಮಿಲಿಟರಿಯಾ?"

"ಅದು ಬ್ಯಾರೆ, ಇದು ಬ್ಯಾರೆ ರೀ ಆಂಟಿ!" ಅಂತ ಅವರು ಜೋರಾಗಿ ನಕ್ಕರು. ಎಲ್ಲರೂ ನಕ್ಕರು. "ಆಂಟಿ ಪಾಯಿಂಟ್ ಹಾಕಿದ್ರು ನೋಡ್ರಿ!" ಅಂದರು. ನಗುವಿನಲ್ಲಿ ಮಾತು ಕರಗಿಹೋಯಿತು, ತುಪ್ಪ ಬಂತು.

ಕಾರಿನಲ್ಲಿ ಮಗಳು ಅಂದಳು, "ಅಮ್ಮ, ಪಾಕಿಸ್ತಾನದವರ ಪಾಲಿಟಿಕ್ಸ್ ನಿನಗ್ಯಾಕೆ? ನಿನ್ನದೇ ಗ್ರೀನ್ ಕಾರ್ಡ್ ಪೇಪರ್ಸ್ ಇನ್ನೂ ನಡೀತಿದೆ. ಆ ಆಂಟಿ ಜೊತೆ ವಾಕಿಂಗ್ ಹೋಗು, ಸಾಕು."

ಸಾಕು ಅನ್ನುವುದಕ್ಕೆ ವಾಕಿಂಗ್ ಎಲ್ಲಿ ನಿಲ್ಲುತ್ತೆ, ಪಾಲಿಟಿಕ್ಸ್ ಎಲ್ಲಿ ಶುರುವಾಗುತ್ತೆ, ಗೆರೆ ಎಲ್ಲಿದೆ?

ಹಾಗಂದ ಮಗಳೇ ನಮ್ಮಿಬ್ಬರನ್ನು ಆಸ್ಟಿನ್‌ಗೆ ಕರೆದುಕೊಂಡು ಹೋದಳು. ಅವಳಿಗೆ ಅಲ್ಲಿ ಆಫೀಸಿನ ಮೀಟಿಂಗ್ ಇತ್ತು, ಗೆಳತಿಗೆ ವೀಡಿಯೋ ತೆಗೆದುಬಿಡು ಅಂತ ಮಗನ ಹತ್ತಿರ ಎದುರಿಗೆ ಕೂತು ಕೇಳಬೇಕಿತ್ತು. ಫೋನಿನಲ್ಲಿ ಅವನು ಪ್ರತಿ ಸಲ "ನೋ, ಅಮ್ಮಿ" ಅಂದು ಇಟ್ಟುಬಿಡುತ್ತಿದ್ದ. ದಾರಿಯಲ್ಲಿ, ಲಾರಿಗಳ ಹಿಂದೆ ತೆವಳುತ್ತ ಹೋಗುವಾಗ, ಗೆಳತಿ ತಾನಾಗಿಯೇ ಶುರು ಮಾಡಿದಳು.

"ನಾನು ಹುಡುಗಿಯಾಗಿದ್ದಾಗ ಒಂದು ದಿನ ರೇಡಿಯೋದಲ್ಲಿ ಒಬ್ಬ ಜನರಲ್‌ನ ಗಂಭೀರವಾದ ದನಿ ಬಂತು, ನನ್ನ ಪ್ರೀತಿಯ ದೇಶಬಾಂಧವರೇ ಅಂತ. ಆವತ್ತು ನನ್ನ ತಂದೆ, ಅಬ್ಬಾ, ಮಿಠಾಯಿ ತರಿಸಿದರು. ಕಳ್ಳ ರಾಜಕಾರಣಿಗಳು ಹೋದರು, ಇನ್ನು ಎಲ್ಲ ಸರಿಹೋಗುತ್ತೆ ಅಂತ. ಮದುವೆಯಾದ ಮೇಲೆ ಮತ್ತೊಂದು ಸಲ ಅಂಥದೇ ದನಿ. ಆವಾಗ ಮಿಠಾಯಿ ತಂದವರು ನನ್ನ ಗಂಡ. ನನ್ನ ಮಗ ಈಗ ಯಾರ ಪರವಾಗಿ ಕೂಗ್ತಾನೋ ಆ ಲೀಡರನ್ನೂ ಮೊದಲು ಎತ್ತಿ ಕೂರಿಸಿದ್ದು ಆ ಮಿಲಿಟರಿಯವರೇ ಅಂತ ಊರಿಗೆಲ್ಲ ಗೊತ್ತು. ಆವಾಗ ಇವನೂ ಕುಣಿದ. ಪ್ರತಿ ಸಲ ಯಾರದೋ ಮನೇಲಿ ಮಿಠಾಯಿ, ಬಾಜಿ. ಪ್ರತಿ ಸಲ!"

ಆಸ್ಟಿನ್‌ನ ದ ಡೊಮೇನ್ ಅನ್ನುವ ಬಡಾವಣೆಯಲ್ಲಿ ಗೆಳತಿಯ ಮಗನ ಆಫೀಸಿನ ಕೆಳಗೇ ಒಂದು ಕಾಫಿ ಅಂಗಡಿ. ಸುತ್ತ ಎಲ್ಲ ಲ್ಯಾಪ್‌ಟಾಪ್ ಹಿಡಿದ ಮಕ್ಕಳು, ನಾಯಿಗೂ ಒಂದು ಬಟ್ಟಲು ನೀರು. ಅವನು ನನ್ನ ಕೈಗೆ ಕಪ್ ಕೊಟ್ಟು, "ಆಂಟಿ, ಯೂ ಟೆಲ್ ಹರ್," ಅಂದ. "ಇವತ್ತು ವೀಡಿಯೋ ತೆಗೆದರೆ ನಾಳೆ ಇನ್ನೇನೋ ಕೇಳ್ತಾರೆ."

ಅವನನ್ನು ಬಗ್ಗಿಸಲೆಂದೇ ಹೋದವಳು ನಾನು. "ನೋಡಪ್ಪ, ನೀನಿಲ್ಲಿ ಸೇಫ್. ಪೆಟ್ಟು ತಿನ್ನೋರು ಅಲ್ಲಿರೋರು," ಅಂದೆ.

"ಅದಕ್ಕೇ ಅಲ್ಲಿರೋರು ಮಾತಾಡೋಕಾಗಲ್ಲ, ಆಂಟಿ. ನಾನೂ ಸುಮ್ಮನಾದರೆ ಯಾರು ಮಾತಾಡೋದು? ಖಾಲಾ ತೆಗಿ ಅಂದಳಾ, ಅಮ್ಮಿ?"

"ಖಾಲಾ ಹಾಗೇನೂ ಅನ್ನಲಿಲ್ಲ. ಬಂದವರು ಏನಂದರು, ಏನೇನು ತಿಂದರು ಅಂತ ಮಾತ್ರ ಹೇಳಿದಳು."

ಅವನು ಕಪ್ ಪಕ್ಕಕ್ಕೆ ಸರಿಸಿದ. ಆಮೇಲೆ ಫೋನ್ ತೆಗೆದು ತಾಯಿಯ ಮುಂದೆ ಇಟ್ಟ. "ನನ್ನ ಕೈಲಿ ಆಗಲ್ಲ. ನೀನೇ ಡಿಲೀಟ್ ಮಾಡು."

ಅವಳು ಕನ್ನಡಕ ಹಾಕಿಕೊಂಡಳು. ಒತ್ತಬೇಕಾದ್ದನ್ನು ಒತ್ತುವ ಬದಲು ವೀಡಿಯೋ ಆನ್ ಆಯಿತು. ಪೂರ್ತಿ ನೋಡಿದಳು. ಶಾಲೆಗೆ ಸೇರಿದ ಮೇಲೆ ತಾಯಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಗ, ಅಲ್ಲಿ ಹ್ಯೂಸ್ಟನ್‌ನ ಬಿಸಿಲಿನಲ್ಲಿ ನಿಂತು ಅಚ್ಚ ಲಾಹೋರಿನ ಉರ್ದುವಿನಲ್ಲಿ ಮಾತಾಡುತ್ತಿದ್ದ. ನನಗೆ ಅರ್ಧ ಅರ್ಥವಾಯಿತು. ಅವಳ ತುಟಿಗಳು ಅವನ ಜೊತೆಗೇ ಅಲುಗುತ್ತಿದ್ದವು. ಮುಗಿದ ಮೇಲೆ "ಎಲ್ಲಿ ಒತ್ತಬೇಕು?" ಅಂತ ಕೇಳಿದಳು. ಅವನು ತೋರಿಸಿದ. ಒತ್ತಿದಳು.

ವಾಪಸ್ ಬರುವಾಗ ಅರ್ಧ ದಾರಿಗೆ ವೇಕೋ ಅನ್ನುವ ಊರು ದಾಟಿದೆವು. ಆಗ ಗೆಳತಿ ಅಂದಳು, "ಎಷ್ಟು ಚೆನ್ನಾಗಿ ಮಾತಾಡಿದ, ಅಲ್ಲವಾ?"

ಸೂಟ್‌ಕೇಸಿಗೆ ಇನ್ನಷ್ಟು ಸಾಮಾನು ಸೇರಿತು. ನಾನು ಅವಳ ಅಕ್ಕನಿಗೆಂದು ಮೈಸೂರು ಸ್ಯಾಂಡಲ್ ಸೋಪು ಕೊಟ್ಟೆ. ಎರಡು ವಾರ ಕಳೆದಿರಬಹುದು, ಲಾಹೋರಿನ ಮನೆಗೆ ಆ ಏಜೆನ್ಸಿಯವರು ಮತ್ತೆ ಬಂದರು. ಅದೇ ಷರ್ಟು, ಅದೇ ಸಲಾಮ್. ತೆಗೆದದ್ದಕ್ಕೆ ಥ್ಯಾಂಕ್ಸ್ ಅಂದರಂತೆ. ಈಗ ಇನ್ನೊಂದೇ ಒಂದು ಸಣ್ಣ ಕೆಲಸ. ಹುಡುಗ ಹೊಸದೊಂದು ವೀಡಿಯೋ ಹಾಕಲಿ, ತನ್ನನ್ನು ಯಾರೋ ದಾರಿ ತಪ್ಪಿಸಿದ್ದರು, ಸೈನ್ಯದ ಮೇಲೆ ತನಗೆ ಅಪಾರ ಗೌರವ ಅಂತ. ಹಾಕಿದರೆ ತಾಯಿ ನೆಮ್ಮದಿಯಾಗಿ ಬಂದು ಹೋಗಬಹುದು.

ಇದನ್ನು ನನಗೆ ಅವಳ ಅಕ್ಕನೇ ಹೇಳಿದ್ದು, ವೀಡಿಯೋ ಕಾಲ್‌ನಲ್ಲಿ, ನಾನು ಗೆಳತಿಯ ಸೋಫಾದ ಮೇಲೆ ಪಕ್ಕದಲ್ಲೇ ಕೂತಿದ್ದಾಗ. ಶಾಲು ಹೊದ್ದ ಸಣ್ಣ ಮುಖ.

"ಈ ಸಲ ಏನು ಕೊಟ್ಟೆ, ಆಪಾ?" ಅಂತ ಗೆಳತಿ ಕೇಳಿದಳು.

"ನೀರು," ಅಂದಳು ಆಕೆ. "ಸ್ಟೀಲ್ ಲೋಟದಲ್ಲಿ. ಟೀ ಸೆಟ್ ಎತ್ತಿಟ್ಟಿದೀನಿ. ಅದು ನನ್ನ ಹುಡುಗನ ಮದುವೆ ಮಾತಿಗೆ ಬರುವವರಿಗೆ."

ನನ್ನ ಗೆಳತಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನಂತರ ನಗು ನಿಂತಿತು, ನೀರು ನಿಲ್ಲಲಿಲ್ಲ.

"ಅವನಿಗೆ ಹೇಳಬೇಡ," ಅಂದಳು ಅಕ್ಕ. "ಹೇಳಿದರೆ ನನಗೋಸ್ಕರ ಹಾಕಿಬಿಡ್ತಾನೆ, ಪೆದ್ದ. ಅಷ್ಟು ಚೆನ್ನಾಗಿ ಮಾತಾಡಿದವನ ಬಾಯಲ್ಲಿ ಆ ಮಾತು ಬೇಡ. ನೀನು ಈ ವರ್ಷ ಬರಬೇಡ. ನನ್ನ ಮಗ ತನ್ನ ವಿಷಯ ತಾನೇ ನೋಡಿಕೊಳ್ತಾನಂತೆ. ಕೆಲಸ ಹೋದರೆ ಟ್ಯೂಷನ್ ಹೇಳ್ತಾನೆ."

ಗೆಳತಿ ತನ್ನ ಮಗನಿಗೆ ಹೇಳಲಿಲ್ಲ. ಮಂಡಿ ನೋವು, ಡಾಕ್ಟರು ದೂರದ ಪ್ರಯಾಣ ಬೇಡ ಅಂದರು ಅಂತ ಹೇಳಿ ಟಿಕೆಟ್ ಕ್ಯಾನ್ಸಲ್ ಮಾಡಿಸಿದಳು. ಅವನು ನಂಬಿದನೋ ಇಲ್ಲವೋ, "ಓಕೆ, ಅಮ್ಮಿ" ಅಂದನಂತೆ, ಬಹಳ ಮೆಲ್ಲಗೆ.

ನಿನ್ನೆ ಪ್ರಾಸ್ಪರ್‌ನವರು ಸಿಕ್ಕಿದ್ದರು, ದೇವಸ್ಥಾನದಲ್ಲಿ. ಎಚ್‌ಒಎ ಎಲೆಕ್ಷನ್ ಗೆದ್ದಿದ್ದಾರೆ, ಕೈಗೆ ಪೇಢಾ ಕೊಟ್ಟರು. "ನೋಡ್ರಿ ಆಂಟಿ, ನಿಮ್ಮ ಡೆಮಾಕ್ರಸಿ ಗೆದ್ದದ್ದು!" ಅಂದರು. ಒಳ್ಳೆಯ ಮನುಷ್ಯ, ಏನಂತ ಜಗಳ ಆಡಲಿ? ತಗೊಂಡೆ. ತಿನ್ನಲಾಗಲಿಲ್ಲ. ಪರ್ಸಿನಲ್ಲಿಟ್ಟುಕೊಂಡು ಬಂದು, ಸಂಜೆ ವಾಕಿಂಗ್‌ನಲ್ಲಿ ಗೆಳತಿಗೆ ಕೊಡೋಣವೆಂದು ತೆಗೆದವಳು, ಅವಳ ಮಿಠಾಯಿಯ ಮಾತು ನೆನಪಾಗಿ ಮತ್ತೆ ಒಳಗಿಟ್ಟೆ. ಸೋಪು ಅವಳ ಸೂಟ್‌ಕೇಸಿನಲ್ಲೇ ಇದೆಯಂತೆ. ಸೂಟ್‌ಕೇಸ್ ತೆರೆದರೆ ರೂಮೆಲ್ಲ ಗಂಧ, ಅದಕ್ಕೇ ತೆರೆಯುತ್ತಿಲ್ಲ ಅಂದಳು.