ಬಿಸಿಲಾಗದ ಮಗು

ಅಕ್ಕನನ್ನು ಗುಬ್ಬಿಯಲ್ಲಿದ್ದ ಸೋದರಮಾವನಿಗೇ ಕೊಟ್ಟಿದ್ದರು. ಅವಳ ಮಗಳಿಗೆ ವರ್ಷ ತುಂಬುವ ಹೊತ್ತಿಗೆ ಮುಖದ ತುಂಬ ಕಂದು ಚುಕ್ಕೆಗಳೆದ್ದವು. ಬೆಳಕಿಗೆ ಎತ್ತಿಕೊಂಡು ಬಂದರೆ ಮಗು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಳುತ್ತಿತ್ತು. ದೃಷ್ಟಿ ತೆಗೆದರು, ದೇವರಾಯನದುರ್ಗಕ್ಕೆ ಹರಕೆ ಹೊತ್ತರು. ಕುಣಿಗಲ್ಲಿನ ಡಾಕ್ಟರೊಬ್ಬರ ಮುಲಾಮೂ ಆಯಿತು. ಕೊನೆಗೆ ಬೆಂಗಳೂರಿನ ಚರ್ಮದ ಡಾಕ್ಟರು ಬಾಯಲ್ಲಿ ಹೊರಳದ ಒಂದು ಹೆಸರು ಹೇಳಿ, ಮಗುವನ್ನು ಬಿಸಿಲಿಗೆ ಬಿಡಬೇಡಿ ಎಂದು ಕಳಿಸಿಬಿಟ್ಟರು.

ಎಪ್ಪತ್ತರ ದಶಕದ ಕೊನೆ ಅದು. ನಾನು ತುಮಕೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಅಕ್ಕ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದು, ನೀನಾದರೂ ಬಿಡಿಸಿ ಹೇಳು ಎಂದಳು. ಹೇಳಿದೆ. ಜೀವಕೋಶದೊಳಗಿನ ಡಿಎನ್‌ಎ ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹದ ಹಾಗೆ. ಬಿಸಿಲು ತಾಗಿದಾಗ ಅಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೋಶ ಇಬ್ಭಾಗವಾಗುವಾಗ ಆ ಜಾಗದಲ್ಲಿ ನಕಲು ತಪ್ಪಾಗುತ್ತದೆ. ಅಂಥ ತಪ್ಪುಗಳು ಸೇರುತ್ತ ಹೋದರೆ ಕ್ಯಾನ್ಸರ್.

"ಮತ್ತೆ ನಮಗ್ಯಾಕೆ ಆಗಲ್ಲ?"

"ನಮಗೂ ಅಂಟ್ಕೊಳ್ಳುತ್ತೆ ಕಣಕ್ಕ. ನಮ್ಮೈ ಅದನ್ನ ಕತ್ತರಿಸಿ ತೆಗೆದು ಸರಿ ಮಾಡ್ಕೊಳ್ಳುತ್ತೆ. ಅವಳ ಮೈಗೆ ಅದು ಬರಲ್ಲ."

ಆ ಕೊರತೆ ತಂದೆತಾಯಿ ಇಬ್ಬರಿಂದಲೂ ಬಂದದ್ದು, ಒಂದೇ ರಕ್ತವಾದ್ದರಿಂದ ಇಬ್ಬರಲ್ಲೂ ಅಡಗಿ ಕೂತಿತ್ತು ಎಂದೂ ಹೇಳಿದೆ.

ಗುಬ್ಬಿಯ ಮನೆಯ ಕಿಟಕಿಗಳಿಗೆ ಕಂಬಳಿ ಬಿಗಿದರು. ಹುಡುಗಿ ಆ ಮಬ್ಬಿನಲ್ಲೇ ಓದು ಕಲಿತಳು, ಹೊತ್ತು ಮುಳುಗಿದ ಮೇಲೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದಳು. ಆದರೂ ಮೂಗಿನ ಮೇಲೆ ಗಂಟು ಕಾಣಿಸಿತು. ಅದನ್ನು ತೆಗೆಸಿದರೆ ತುಟಿಯ ಮೇಲೆ ಇನ್ನೊಂದು. ಆಮೇಲೆ ಒಂದು ಕಣ್ಣು ಹೋಯಿತು.

ಅಷ್ಟರಲ್ಲಿ ಅಕ್ಕ ಮತ್ತೆ ಬಸುರಾದಳು. "ಇದಕ್ಕೂ ಬರುತ್ತಾ? ಬರಲ್ಲ ಅಂತ ಹೇಳೇ" ಎಂದು ನನ್ನ ಕೈ ಹಿಡಿದುಕೊಂಡಳು. ನಾಲ್ಕರಲ್ಲಿ ಒಂದು ಪಾಲು ಬರಬಹುದು ಎಂದೆ. ಹೊಟ್ಟೆಯಲ್ಲಿರುವಾಗಲೇ ಪರೀಕ್ಷಿಸಿ ಹೇಳುವವರು ಆಗ ನಮ್ಮ ಕಡೆ ಯಾರೂ ಇರಲಿಲ್ಲ. ಮಾವನೂ ಅವಳೂ ತಾವಿಬ್ಬರೇ ಮಾತಾಡಿಕೊಂಡು, ತುಮಕೂರಿನ ನರ್ಸಿಂಗ್ ಹೋಮಿಗೆ ಹೋಗಿ ತೆಗೆಸಿಬಿಟ್ಟರು. ನನಗೆ ತಿಳಿದದ್ದು ಆಮೇಲೆ.

ಮುಂದಿನ ಬೇಸಿಗೆಯಲ್ಲಿ ಹುಡುಗಿ ತೀರಿಕೊಂಡಳು. ಬಂದವರೆಲ್ಲ ಹೋದ ಮೇಲೆ ಅಕ್ಕ ಅಡುಗೆಮನೆಯ ಗೋಡೆಗೆ ಒರಗಿ ಕೂತು, ನನ್ನ ಮುಖ ನೋಡದೆ ಕೇಳಿದಳು.

"ಆ ಇನ್ನೊಂದು ಚೆನ್ನಾಗೇ ಇತ್ತೇನೋ, ಅಲ್ವೇನೇ?"

ಚೆನ್ನಾಗಿದ್ದಿರುವ ಸಂಭವವೇ ಹೆಚ್ಚು. ಅದು ಅವಳಿಗೂ ಗೊತ್ತಿತ್ತು, ಲೆಕ್ಕ ಹೇಳಿಕೊಟ್ಟವಳು ನಾನೇ ಅಲ್ಲವೇ. ಹೋಗಿ ಅವಳ ಪಕ್ಕ ಕೂತೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.