ತೆರಕಣಾಂಬಿ ವ್ಯಾನಿನ ಸಂದೇಶ

ಬದನಗುಪ್ಪೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ನಾನು ಚಾಮರಾಜನಗರದ ಮನೆಯಲ್ಲೇ ಕೂತು ವೆಬ್‌ಸೈಟಿನ ಕೆಲಸ ಮಾಡಿಕೊಡುತ್ತಿದ್ದೆ. ಕೆಲಸ ಮುಗಿಸಿದ ಹೆಂಗಸರನ್ನು ಊರಿಗೆ ಬಿಡುವ ವ್ಯಾನ್ ಎಷ್ಟು ಹೊತ್ತಿಗೆ ಎಂದು ಅವರ ಮೊಬೈಲಿಗೆ ಸಂದೇಶ ಹೋಗಬೇಕಿತ್ತು. ವಾಕ್ಯ ಒಂದೇ. ಊರಿನ ಹೆಸರು ಬರುವ ಕಡೆ ಖಾಲಿ ಜಾಗ ಬಿಟ್ಟರೆ, ಪ್ರೋಗ್ರಾಂ ಆಯಾ ಊರನ್ನು ತಂದು ಅಲ್ಲಿ ಕೂರಿಸುತ್ತದೆ.

ಆ ವಾಕ್ಯವನ್ನು ಕಾರ್ಖಾನೆಯ ಮ್ಯಾನೇಜರ್ ಇಂಗ್ಲಿಷಿನಲ್ಲಿ ಬರೆದಿದ್ದರು. ಅದರಲ್ಲಿ ಹೋಗುವ ಊರು ಮೊದಲು, ಹೊರಡುವ ಊರು ಆಮೇಲೆ. ಕನ್ನಡದಲ್ಲಿ ನಾವು ‘ಇಲ್ಲಿಂದ ಅಲ್ಲಿಗೆ’ ಅನ್ನುತ್ತೇವೆ. ಊರುಗಳು ಮಾತ್ರ ಇಂಗ್ಲಿಷಿನ ಸರದಿಯಲ್ಲೇ ಬಂದು ಕೂರುತ್ತವೆ.

“ಸಾರ್, ಉಲ್ಟಾ ಆಗುತ್ತೆ. ಕೋಡ್ ಬದಲಿಸಬೇಕು” ಎಂದೆ.

“ಕೋಡ್ ಮುಟ್ಟಬೇಡಿ, ಪದಗಳನ್ನ ಕನ್ನಡ ಮಾಡಿ ಸಾಕು. ಅವರೇನು ವ್ಯಾಕರಣ ನೋಡ್ತಾರಾ?” ಎಂದು ಫೋನಿಟ್ಟರು. ಹಲ್ಲು ಕಚ್ಚಿಕೊಂಡು ಹಾಗೇ ಮಾಡಿಕೊಟ್ಟೆ.

ಮೊದಲ ದಿನ ಸಂಜೆಯೇ ಚಿಕ್ಕಮ್ಮನ ಫೋನ್ ಬಂತು. ತೆರಕಣಾಂಬಿಯಲ್ಲಿರುವ ಅವಳು ಅದೇ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಾಳೆ.

“ಏನಮ್ಮಿ ಇದು? ತೆರಕಣಾಂಬಿಯಿಂದ ಬದನಗುಪ್ಪೆಗೆ ಐದೂವರೆಗೆ ವ್ಯಾನು ಅಂತ ಬಂದದೆ. ಅಲ್ಲಿಂದ ಬರ್ಲಿ ಅಂತ ಎಲ್ರೂ ಒಳ್ಗೇ ಕುಂತಿದ್ದೊ. ಗೇಟತ್ರ ನಿಂತಿದ್ದ ವ್ಯಾನು ಖಾಲಿ ಒಂಟೋಯ್ತು ಕಣಮ್ಮಿ!”

ಡ್ರೈವರ್ ಹೊಸಬ. ಯಾರೂ ಬಾರದ್ದನ್ನು ನೋಡಿ ಹೊರಟುಬಿಟ್ಟಿದ್ದ. ದಿನವಿಡೀ ದುಡಿದ ಹೆಂಗಸರು ಬಸ್ಸಿಗೆ ಕಾದು, ನಿಂತುಕೊಂಡೇ ಊರು ಸೇರಿದರು.

ಮರುದಿನ ಮೀಟಿಂಗಿನಲ್ಲಿ ಮ್ಯಾನೇಜರ್ ನಗುತ್ತಾ, “ಈ ಹೆಂಗಸರಿಗೆ ಓದೋಕೆ ಬರಲ್ಲ, ಏನ್ ಮಾಡೋದು?” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಓದಿದ್ದಕ್ಕೇ ಸಾರ್ ಅವರಿಗೆ ವ್ಯಾನ್ ತಪ್ಪಿದ್ದು! ಓದದೇ ಇದ್ದಿದ್ರೆ ದಿನಾ ಹೋಗೋ ಹಾಗೆ ಹೋಗಿ ಹತ್ತಿರೋರು.”

“ಹಾಗಾದ್ರೆ ಇಂಗ್ಲಿಷಲ್ಲೇ ಕಳಿಸೋಣ ಬಿಡಿ” ಎಂದರು ಮ್ಯಾನೇಜರ್. ಇಂಗ್ಲಿಷಿನಲ್ಲಿ ಬಂದರೆ ಚಿಕ್ಕಮ್ಮ ಯಾರ ಕೈಲಿ ಓದಿಸಿಕೊಳ್ಳಬೇಕು?

ಅಪ್ಪಣೆಗೆ ಕಾಯದೆ ಕೋಡ್ ತೆರೆದೆ. ಸರದಿ ಕಿತ್ತುಹಾಕಿ, ಹೊರಡುವ ಊರಿನ ಜಾಗಕ್ಕೊಂದು, ತಲುಪುವ ಊರಿನ ಜಾಗಕ್ಕೊಂದು ಹೆಸರಿಟ್ಟೆ; ಇನ್ನು ಆಯಾ ಊರು ಆಯಾ ಹೆಸರಿನ ಜಾಗಕ್ಕೇ ಹೋಗುತ್ತದೆ. ಎಲ್ಲ ಊರಿಗೂ ಒಂದೇ ಪ್ರತ್ಯಯ ಅಂಟಿಸಿದರೆ ಹಂಗಳ ಎಂಬ ಊರು ‘ಹಂಗಳಗೆ’ ಎಂದು ಬರುತ್ತಿತ್ತು. ಹಂಗಳಕ್ಕೆ, ತೆರಕಣಾಂಬಿಗೆ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಬರೆದೆ. ಕೀಬೋರ್ಡ್ ಕುಟ್ಟಿದ ರಭಸಕ್ಕೆ ಬೆರಳು ನೋಯುತ್ತಿತ್ತು.

ಆ ಸಂಜೆ ಎಲ್ಲರೂ ವ್ಯಾನ್ ಹತ್ತಿದರು. ಆದರೆ ಮ್ಯಾನೇಜರ್ ಎಲ್ಲರಿಗೂ ಕಳಿಸಿದ ಮೇಲ್‌ನಲ್ಲಿ, ಕನ್ನಡ ಅನುವಾದದ ತಪ್ಪನ್ನು ಸರಿಪಡಿಸಲಾಗಿದೆ ಎಂದಿತ್ತು. ಕನ್ನಡದ ತಪ್ಪಂತೆ! ನಾನೂ ಎಲ್ಲರಿಗೂ ಹೋಗುವಂತೆ ಉತ್ತರ ಬರೆದೆ: ತಪ್ಪಿದ್ದದ್ದು ಕೋಡಿನಲ್ಲಿ, ಅದನ್ನು ಮುಟ್ಟಬೇಡಿ ಎಂದವರು ನೀವು.

ಆಮೇಲೆ ಆ ಕೆಲಸ ಬೇರೊಬ್ಬರ ಪಾಲಾಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟಂತೂ ಇನ್ನೂ ಇಳಿದಿಲ್ಲ.